ಮಗುವಿನ ಎದೆಯೊಳಗೊಂದು ಜರಡಿ

ಮೊನ್ನೆ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕ್ತಾ ಇದ್ದೆ, ಪಾಲಾರ್‌ನಿಂದ ಚಿಕ್ಕಮ್ಮನ ಮಗಳ ಫೋನು. ಮಾದಪ್ಪನ ಬೆಟ್ಟ ದಾಟಿ ತಮಿಳುನಾಡಿನ ಗಡಿ ಮುಟ್ಟುವ ಊರು ಅದು. ನಾಲ್ಕು ತಿಂಗಳ ಕೂಸಿಗೆ ಕೆಮ್ಮು ಅಂತ ಕೊಳ್ಳೇಗಾಲದ ಡಾಕ್ಟರಿಗೆ ತೋರಿಸಿ ಬಂದಿದ್ದಳು. “ಅಕ್ಕಾ, ಎಕ್ಸ್‌ರೇಲಿ ಮಗೀನ ಹೃದಯದ ತಾವು ಏನೋ ಬೆಳ್ಳಗೆ ಕಾಣ್ತದೆ” ಅನ್ನುವಾಗ ದನಿ ನಡುಗ್ತಿತ್ತು. “ಅದು ಥೈಮಸ್, ಎಲ್ಲ ಮಕ್ಕಳಿಗೂ ಇರುತ್ತೆ, ಹೆದರಬೇಡಿ” ಅಂತ ಡಾಕ್ಟರು ಹೇಳಿಯೇ ಕಳಿಸಿದ್ದರು. ಆದರೆ ಮನೆ ಸೇರುವಷ್ಟರಲ್ಲಿ ನೆಂಟರಿಷ್ಟರು ಅದನ್ನು ‘ಗಡ್ಡೆ’ ಮಾಡಿಬಿಟ್ಟಿದ್ದರು!

ನೀವೂ ಈ ಹೆಸರು ಕೇಳಿರಲಿಕ್ಕಿಲ್ಲ. ಥೈರಾಯ್ಡ್ ಬೇರೆ, ಥೈಮಸ್ ಬೇರೆ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಕುಳಿತಿರುವ ಮೆತ್ತನೆಯ ಗ್ರಂಥಿ ಇದು. ಮೈಗಾತ್ರಕ್ಕೆ ಹೋಲಿಸಿದರೆ ಎಳೆಗೂಸಿನಲ್ಲೇ ಇದು ದೊಡ್ಡದು. ಹರೆಯ ಕಳೆದ ಮೇಲೆ ಕುಗ್ಗುತ್ತಾ ಬಂದು ಆ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಎರಡು ಸಲ ಜಾಲಿಸುವ ಕೆಲಸ

ರಾಗಿಯನ್ನು ಮೊದಲು ಮೊರದಲ್ಲಿ ಕೇರಿ, ಆಮೇಲೆ ಜರಡಿ ಹಿಡೀತೀವಲ್ಲ, ಥೈಮಸ್ ಮಾಡುವುದೂ ಅದನ್ನೇ. ಮೂಳೆಯೊಳಗಿನ ಮಜ್ಜೆಯಿಂದ ಎಳೆಯ ರಕ್ತಕಣಗಳು ಇಲ್ಲಿಗೆ ಬರುತ್ತವೆ. ಮೊದಲ ಸುತ್ತಿನಲ್ಲಿ, ನಮ್ಮ ದೇಹದ ಗುರುತನ್ನೇ ಓದಲಾರದ ಜೊಳ್ಳು ಕಣಗಳು ಹೊರಬೀಳುತ್ತವೆ. ಎರಡನೇ ಸುತ್ತಿನಲ್ಲಿ, ನಮ್ಮ ದೇಹದ ಮೇಲೇ ಜೋರಾಗಿ ತಿರುಗಿಬೀಳುವಂಥವನ್ನು ಆರಿಸಿ ನಾಶ ಮಾಡಲಾಗುತ್ತದೆ. 100ಕ್ಕೆ 95ಕ್ಕಿಂತ ಹೆಚ್ಚು ಕಣಗಳು ಅಲ್ಲೇ ಸಾಯುತ್ತವೆ. ಗೆದ್ದು ಬಂದವೇ ‘ಟಿ ಕಣ’ಗಳು. ‘ಟಿ’ ಅಂದರೆ ಥೈಮಸ್ ಅಂತಲೇ! ರೋಗಾಣು ಹೊಕ್ಕ ಜೀವಕೋಶವನ್ನು ಕೊಲ್ಲುವುದು, ಉಳಿದ ರಕ್ಷಣಾ ಕಣಗಳನ್ನು ಎಚ್ಚರಿಸುವುದು ಇವುಗಳ ಕೆಲಸ. ಇವು ಬಹುಕಾಲ ಬದುಕುತ್ತವೆ, ಮರಿ ಹಾಕುತ್ತವೆ. ಹಾಗಾಗಿ ನಮ್ಮ ವಯಸ್ಸಿನಲ್ಲಿ ಥೈಮಸ್ ಸೊರಗಿದ್ದರೂ ನಡೆಯುತ್ತದೆ.

ಡಾಕ್ಟರುಗಳೂ ಹೆದರಿದ್ದರು

ನನ್ನ ತಂಗಿಯ ಹಾಗೆ ಒಂದು ಕಾಲದಲ್ಲಿ ವೈದ್ಯರೇ ಬೆದರಿದ್ದರು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ, ದಿಢೀರನೆ ಸತ್ತ ಶಿಶುಗಳಿಗೆ ‘ಥೈಮಸ್ ದೊಡ್ಡದಾಗಿತ್ತು’ ಎಂದು ಕಾರಣ ಕೊಟ್ಟು, ಅಮೆರಿಕದಲ್ಲಿ ಆರೋಗ್ಯವಂತ ಮಕ್ಕಳ ಕುತ್ತಿಗೆ, ಎದೆಗೆ ವಿಕಿರಣ ಹಾಯಿಸಿದರು. ಅವರಲ್ಲಿ ಎಷ್ಟೋ ಜನರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ತಪ್ಪು ಎಲ್ಲಾಯಿತು ಗೊತ್ತೇ? ವೈದ್ಯರು ಅಲ್ಲಿಯತನಕ ಕೊಯ್ದು ನೋಡಿದ್ದು ಹೆಚ್ಚಾಗಿ ಹಸಿವು, ಕಾಯಿಲೆಗಳಿಂದ ಸತ್ತ ಬಡವರ ದೇಹಗಳನ್ನು. ಅವರ ಥೈಮಸ್ ಸೊರಗಿತ್ತು. ಸೊರಗಿದ್ದೇ ಸರಿ ಎಂದುಕೊಂಡಿದ್ದರಿಂದ ಮೈತುಂಬಿಕೊಂಡ ಮಕ್ಕಳದ್ದು ‘ರೋಗ’ವಾಗಿ ಕಂಡಿತು! ಈ ಗ್ರಂಥಿಯ ನಿಜವಾದ ಕೆಲಸವನ್ನು 1961ರಲ್ಲಿ ಲಂಡನ್ನಿನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಜಾಕ್ ಮಿಲ್ಲರ್.

ಈ ಕಥೆಯಲ್ಲಿ ನಮಗೊಂದು ಪಾಠವಿದೆ. ಹಸಿದ ಮಗುವಿನ ಥೈಮಸ್ ಬೇಗ ಬಾಡುತ್ತದೆ. ಮಗುವಿನ ತೂಕ ಸರಿಹೋದ ಮೇಲೂ ಅದು ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕು.

ನಾವೇನು ಮಾಡಬಹುದು?

* ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳು ಎದೆಹಾಲು ಮಾತ್ರ ಸಾಕು. ಎದೆಹಾಲು ಕುಡಿದ ಶಿಶುಗಳ ಥೈಮಸ್ ಡಬ್ಬಿ ಹಾಲು ಕುಡಿದವರಿಗಿಂತ ದೊಡ್ಡದಿರುವುದನ್ನು ಡೆನ್ಮಾರ್ಕ್‌ನ ವೈದ್ಯರು ಕಂಡಿದ್ದಾರೆ.

* ಆರು ತಿಂಗಳ ನಂತರ ರಾಗಿ ಸರಿ, ಬೇಳೆ ಕಟ್ಟು, ನುಣ್ಣಗೆ ಕಿವುಚಿದ ಕಾಳು, ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಿ. ಪ್ರೊಟೀನ್, ಜಿಂಕ್ ಕೊರತೆಯಾದರೆ ಥೈಮಸ್ ಕುಗ್ಗುತ್ತದೆ. ‘ಇಮ್ಯುನಿಟಿ’ ಟಾನಿಕ್ಕಿಗೆ ಸುರಿಯುವ ದುಡ್ಡನ್ನು ತಟ್ಟೆಗೆ ಹಾಕಿ.

* ಲಸಿಕೆ ತಪ್ಪಿಸಬೇಡಿ. ಟಿ ಕಣಗಳಿಗೆ ಅದು ಶತ್ರುವಿನ ಫೋಟೋ ತೋರಿಸಿದಂತೆ.

ಯಾವಾಗ ಎಚ್ಚರ?

ಶೀತ, ಕೆಮ್ಮು ಎಲ್ಲ ಮಕ್ಕಳಿಗೂ ಬರುತ್ತೆ. ಆದರೆ ಹಸುಗೂಸಿಗೆ ಪದೇ ಪದೇ ನ್ಯುಮೋನಿಯಾ, ನಿಲ್ಲದ ಭೇದಿ, ಬಾಯಲ್ಲಿ ವಾಸಿಯಾಗದ ಬಿಳಿ ಅಗ್ರ, ಏರದ ತೂಕ, ಇವು ಕಂಡರೆ ತಡಮಾಡಬೇಡಿ. ಟಿ ಕಣಗಳೇ ತಯಾರಾಗದ ‘ಸ್ಕಿಡ್’ ಎಂಬ ಅಪರೂಪದ ಹುಟ್ಟು ಕಾಯಿಲೆ ಇರಬಹುದು. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ‘ಲಿಂಫೋಸೈಟ್’ ಸಂಖ್ಯೆ ತೀರಾ ಕಡಿಮೆ ಇರುವುದೇ ಮೊದಲ ಸುಳಿವು.

ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವುದು ನಮ್ಮ ಕಡೆ ಇವತ್ತಿಗೂ ಉಂಟು. ಇಂಥ ಮನೆಗಳಲ್ಲಿ ವಂಶದಿಂದ ಬರುವ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚು. ಮನೆತನದಲ್ಲಿ ಕೂಸುಗಳು ಸೋಂಕಿನಿಂದ ತೀರಿಕೊಂಡಿದ್ದರೆ ಮುಚ್ಚಿಡದೆ, ಹುಟ್ಟಿದ ಕೂಡಲೇ ಹಾಕುವ ಬಿಸಿಜಿಗೂ ಮುಂಚೆಯೇ ಡಾಕ್ಟರಿಗೆ ತಿಳಿಸಿ. ಸ್ಕಿಡ್ ಇರುವ ಮಗುವಿಗೆ ಅಂಥ ಜೀವಂತ ಲಸಿಕೆ ಅಪಾಯ. ಬೇಗ ಗೊತ್ತಾದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವ ಅವಕಾಶವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇದೂ ಸೇರಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ವಿಚಾರಿಸಬಹುದು.

ಇಷ್ಟನ್ನೂ ಕೇಳಿಸಿಕೊಂಡ ತಂಗಿ, “ಹಂಗಾದ್ರೆ ಮಗೀಗೆ ಗಡ್ಡೆ ಇಲ್ವಾ ಅಕ್ಕಾ?” ಅಂದಳು. “ಇಲ್ಲ ಕಣೇ, ಜರಡಿ ಇದೆ” ಅಂದೆ. ಎರಡು ದಿನಗಳ ನಂತರ ಅವತ್ತು ಮೊದಲ ಸಲ ನಕ್ಕಳಂತೆ. ನಿಮ್ಮ ಮನೆಯ ಬಾಣಂತಿಗೂ ಈ ಮಾತು ಹೇಳ್ತೀರಲ್ಲ?