ಮೂರು ಮೊಳದ ಸೀರೆ

ನವರಾತ್ರಿ ಹತ್ತಿರ ಬಂತೆಂದರೆ ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಮೆತ್ತಗಾದ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು ಹೊರಬರುತ್ತವೆ. ರಕ್ತಚಂದನದಲ್ಲಿ ಕೆತ್ತಿದ, ಸಾಮಾನ್ಯವಾಗಿ ತಿರುಪತಿಯಿಂದ ತಂದ ಈ ರಾಜ-ರಾಣಿ ಜೋಡಿಯನ್ನು ಮದುವೆಯಲ್ಲಿ ಮಗಳ ಜೊತೆಗೆ ಕೊಟ್ಟು ಕಳುಹಿಸುವುದು ವಾಡಿಕೆ. ಗೊಂಬೆ ಎಷ್ಟು ಹಳೆಯದಾದರೂ ಸರಿ, ಅದರ ಉಡುಪು ಮಾಸಿರಬಾರದು. ಹಿಂದಿನ ಸಲ ಉಡಿಸಿದ ಸೀರೆಯ ಜರಿ ಕಪ್ಪಾಗಿದ್ದರೆ ಮನೆಯ ಹೆಂಗಸರು ಚಿಂದಿಯ ಗಂಟು ಬಿಚ್ಚಿ ಕೂರುತ್ತಾರೆ. ರವಿಕೆ ಹೊಲಿಸಿ ಮಿಕ್ಕ ಕಣ, ಹರಿದುಹೋದ ಧಾರೆ ಸೀರೆಯ ಅಂಚು, ಯಾರದೋ ನಾಮಕರಣಕ್ಕೆ ಬಂದ ರೇಷ್ಮೆಯ ಚೂರು, ಎಲ್ಲಕ್ಕೂ ಒಂದೊಂದು ಕತೆ ಇರುತ್ತದೆ. ಗೊಂಬೆಗೆ ಸೀರೆ ಸಿದ್ಧವಾಗುವಷ್ಟರಲ್ಲಿ ಮನೆತನದ ಮೂರು ತಲೆಮಾರಿನ ಮದುವೆ ಮುಂಜಿಗಳು ಒಮ್ಮೆ ನಡೆದುಹೋಗಿರುತ್ತವೆ.

ಇದನ್ನು ಯಾರೂ ಹವ್ಯಾಸವೆಂದು ಕರೆದವರಲ್ಲ. ಹಬ್ಬದ ಕೆಲಸಗಳಲ್ಲಿ ಅದೂ ಒಂದು, ಅಷ್ಟೆ. ಆದರೆ ಹಬ್ಬ ಮುಗಿದ ಮೇಲೂ ಸೂಜಿ ಕೆಳಗಿಡದ ಕೆಲವರಿದ್ದಾರೆ. ಗೊಂಬೆಗೆ ಚೆಂದ ಕಾಣುವ ಬಟ್ಟೆ ತೊಡಿಸಿದರೆ ಅವರಿಗೆ ಸಾಲದು. ರಾಣಿಯು ಆ ಕಾಲದಲ್ಲಿ ಸೀರೆಯನ್ನು ಹೀಗೆಯೇ ಉಡುತ್ತಿದ್ದಳೆ? ರಾಜನ ಪೇಟ ಹೀಗೆಯೇ ಇತ್ತೆ? ಈ ಪ್ರಶ್ನೆಗಳು ಹೊಳೆದ ಗಳಿಗೆಯಲ್ಲಿ ಗೊಂಬೆಗೆ ಬಟ್ಟೆ ಹೊಲಿಯುವುದು ಆಟವಾಗಿ ಉಳಿಯದೆ ಚರಿತ್ರೆಯ ಅಭ್ಯಾಸವಾಗುತ್ತದೆ.

ಗೊಂಬೆಯ ಮೂಲಕ ಉಡುಪನ್ನು ತಿಳಿಯುವುದು ಹೊಸ ಸಂಗತಿಯೇನಲ್ಲ. ಅಚ್ಚಾದ ಫ್ಯಾಷನ್ ಪತ್ರಿಕೆಗಳು ಬಳಕೆಗೆ ಬರುವ ಮುನ್ನ ಪ್ಯಾರಿಸಿನ ದರ್ಜಿಗಳು ಹೊಸ ಮಾದರಿಯ ಉಡುಪು ತೊಡಿಸಿದ ಗೊಂಬೆಗಳನ್ನು ಯೂರೋಪಿನ ಬೇರೆ ಬೇರೆ ನಗರಗಳಿಗೆ ಕಳುಹಿಸುತ್ತಿದ್ದರು. ಅಲ್ಲಿನ ದರ್ಜಿಗಳು ಅವನ್ನು ನೋಡಿ ಅಳತೆ ಹಿಗ್ಗಿಸಿ ಹೊಲಿಯುತ್ತಿದ್ದರು. ಆದರೆ ಅವರ ಗೊಂಬೆ ಹೇಳುತ್ತಿದ್ದುದು ಕತ್ತರಿಯ ವಿದ್ಯೆ. ನಮ್ಮಲ್ಲಿ ಉಡುಪಿನ ಬಹುಪಾಲು ಕತ್ತರಿಯನ್ನೇ ಕಾಣದ ಬಟ್ಟೆ. ಸೀರೆ, ಪಂಚೆ, ಶಲ್ಯ, ಪೇಟ ಯಾವುದಕ್ಕೂ ಹೊಲಿಗೆಯಿಲ್ಲ. ಅವುಗಳ ಆಕಾರವೆಲ್ಲ ಉಡುವವರ ಕೈಯಲ್ಲಿದೆ.

ತೊಡಕು ಇರುವುದೂ ಅಲ್ಲಿಯೇ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ನೂರು ವರ್ಷದ ಸೀರೆ ತನ್ನ ನೂಲಿನ ಬಗ್ಗೆ, ಬಣ್ಣದ ಬಗ್ಗೆ, ನೇಯ್ಗೆಯ ಬಗ್ಗೆ ಬೇಕಾದಷ್ಟು ಹೇಳುತ್ತದೆ. ಅದನ್ನು ಹೇಗೆ ಉಡುತ್ತಿದ್ದರು ಎಂದು ಮಾತ್ರ ಹೇಳುವುದಿಲ್ಲ. ನೆರಿಗೆ ಮುಂದಿತ್ತೋ ಹಿಂದಿತ್ತೋ, ಸೆರಗು ಯಾವ ಹೆಗಲ ಮೇಲಿತ್ತೋ, ಕಚ್ಚೆ ಇತ್ತೋ ಇಲ್ಲವೋ ಎಂಬುದು ಮಡಿಕೆಯೊಳಗೇ ಉಳಿದುಬಿಡುತ್ತದೆ. ಫ್ರೆಂಚ್ ವಿದ್ವಾಂಸೆ ಶಾಂತಾಲ್ ಬೂಲಾಂಜೆ ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಂದ ಸೀರೆ ಉಡುವ ಬಗೆಗಳನ್ನು ಕಲಿತು 1997ರಲ್ಲಿ ಚಿತ್ರಗಳೊಡನೆ ಪುಸ್ತಕವಾಗಿ ಪ್ರಕಟಿಸಿದಾಗ, ಅಷ್ಟೊಂದು ಬಗೆಗಳಿವೆಯೆಂದು ಸೀರೆ ಉಡುವ ದೇಶದವರೇ ಬೆರಗಾಗುವಂತಾಯಿತು. ಅವುಗಳಲ್ಲಿ ಕೆಲವನ್ನು ಬಲ್ಲವರು ಮುದುಕಿಯರು ಮಾತ್ರ.

ಈಗ ಎಲ್ಲೆಡೆ ಕಾಣುವ, ಲಂಗದ ಮೇಲೆ ಮುಂದೆ ನೆರಿಗೆ ಹಿಡಿದು ಎಡ ಹೆಗಲ ಮೇಲೆ ಸೆರಗು ಬಿಡುವ ಉಡುಗೆಯ ಪ್ರಚಾರಕ್ಕೂ ಒಂದು ಚರಿತ್ರೆಯಿದೆ. 1860ರ ದಶಕದಲ್ಲಿ ಗಂಡನೊಡನೆ ಕಲ್ಕತ್ತೆಯಿಂದ ಮುಂಬಯಿಗೆ ಬಂದ ಜ್ಞಾನದಾನಂದಿನಿ ದೇವಿ ಪಾರ್ಸಿ ಹೆಂಗಸರ ಉಡುಗೆಯನ್ನು ಕಂಡು, ತುಸು ಮಾರ್ಪಡಿಸಿ, ರವಿಕೆ ಲಂಗಗಳೊಡನೆ ಬಂಗಾಳದ ವಿದ್ಯಾವಂತ ಮನೆಗಳಿಗೆ ಪರಿಚಯಿಸಿದರು. ಅವರ ಪತಿ ಸತ್ಯೇಂದ್ರನಾಥ ಟಾಗೋರ್ ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು. ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ತಂಗಿದ್ದೂ ಆಗಲೇ. ಹೊರಗೆ ಓಡಾಡುವ ಹೆಂಗಸಿಗೆ ಈ ಉಡುಗೆ ಅನುಕೂಲವಾಯಿತು, ಹಬ್ಬಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಹಬ್ಬಿದಷ್ಟೂ ಊರೂರಿನ ಬೇರೆ ಬಗೆಗಳು ಹಿಂದೆ ಸರಿದವು. ಕರ್ನಾಟಕದಲ್ಲಿ ಹದಿನೆಂಟು ಮೊಳದ ಕಚ್ಚೆ ಸೀರೆಯನ್ನು ದಿನವೂ ಉಡುವವರು ಈಗ ಬೆರಳೆಣಿಕೆಯಷ್ಟು. ಮದುವೆಯ ದಿನ ಹುಡುಗಿಗೆ ಅದನ್ನು ಉಡಿಸಬೇಕೆಂದರೆ ಬಲ್ಲವರೊಬ್ಬರನ್ನು ಹುಡುಕಿ ಕರೆತರಬೇಕಾಗುತ್ತದೆ.

ಗೊಂಬೆಗೆ ಕಚ್ಚೆ ಉಡಿಸಲು ಹೊರಟವರಿಗೆ ಮೊದಲ ಅಡ್ಡಿ ಪಟ್ಟದ ಗೊಂಬೆಯಿಂದಲೇ. ಅದು ಒಂದೇ ಮರದ ತುಂಡಿನಲ್ಲಿ ಕೆತ್ತಿದ್ದು. ತೋಳು ಮೈಗೆ ಅಂಟಿರುತ್ತದೆ, ಕಾಲುಗಳ ನಡುವೆ ಬಟ್ಟೆ ಹಾಯಿಸಲು ಎಡೆಯಿರುವುದಿಲ್ಲ. ಹಾಗಾಗಿ ಅದಕ್ಕೆ ಸೀರೆ ಸುತ್ತಬಹುದೇ ಹೊರತು ಉಡಿಸಲಾಗದು. ತೋಳಿನ ಮೇಲೆ ಬಟ್ಟೆಯ ಚೂರು ಅಂಟಿಸಿದರೆ ಅದೇ ರವಿಕೆ. ಆದ್ದರಿಂದ ಈ ಹವ್ಯಾಸದವರು ಹತ್ತಿ ತುಂಬಿದ ಬಟ್ಟೆಯ ಗೊಂಬೆಯನ್ನು ತಾವೇ ಮಾಡಿಕೊಳ್ಳುತ್ತಾರೆ, ಇಲ್ಲವೆ ಅಂಗಡಿಯ ಪ್ಲಾಸ್ಟಿಕ್ ಗೊಂಬೆಯ ಮೊರೆಹೋಗುತ್ತಾರೆ. 1959ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಾರ್ಬಿಯ ಎತ್ತರ ಹನ್ನೊಂದೂವರೆ ಅಂಗುಲ, ಆಳಿನ ಆರನೆಯ ಒಂದು ಪಾಲು. ಆ ಮೈಕಟ್ಟು ನಮ್ಮ ಕಡೆಯ ಯಾವ ಹೆಂಗಸಿನದೂ ಅಲ್ಲ ಎಂಬುದು ಬೇರೆ ಮಾತು. ಸೊಂಟಕ್ಕೆ ನಾಲ್ಕು ಸುತ್ತು ಹಳೆಬಟ್ಟೆ ಸುತ್ತಿದರೆ ಅದೂ ದಾರಿಗೆ ಬರುತ್ತದೆ.

ಆರನೆಯ ಒಂದು ಪಾಲು ಎಂದರೆ ಲೆಕ್ಕ ಸುಲಭ. ಹದಿನೆಂಟು ಮೊಳದ ಸೀರೆ ಮೂರು ಮೊಳವಾಗುತ್ತದೆ. ನಲವತ್ತೈದು ಅಂಗುಲದ ಅಗಲ ಏಳೂವರೆ ಅಂಗುಲವಾಗುತ್ತದೆ. ಮೂರು ಅಂಗುಲದ ಅಂಚು ಅರ್ಧ ಅಂಗುಲಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇಷ್ಟು. ಆದರೆ ಬಟ್ಟೆಯ ಉದ್ದ-ಅಗಲಗಳನ್ನು ಕಡಿಮೆ ಮಾಡಬಹುದು, ದಪ್ಪವನ್ನು ಮಾಡಲಾಗದು. ಮೂರು ಮೊಳವನ್ನೂ ಗೊಂಬೆಯ ಸೊಂಟಕ್ಕೆ ಸುತ್ತಿ ನೆರಿಗೆ ಹಿಡಿದರೆ ಹೊಟ್ಟೆಯ ಮೇಲೆ ಇಟ್ಟಿಗೆ ಕಟ್ಟಿದಂತೆ ಕಾಣುತ್ತದೆ. ಹೊಸ ರೇಷ್ಮೆ ಗೊಂಬೆಯ ಮೈಮೇಲೆ ಜೋಲುವುದೇ ಇಲ್ಲ, ರಟ್ಟಿನಂತೆ ನಿಂತುಬಿಡುತ್ತದೆ. ಹೀಗಾಗಿ ಒಗೆದು ಒಗೆದು ಮೆತ್ತಗಾದ ಮಲ್ ಬಟ್ಟೆ, ಉಟ್ಟು ಸವೆದ ತೆಳು ರೇಷ್ಮೆ ಇವೇ ಈ ಕೆಲಸಕ್ಕೆ ಒದಗುವಂಥವು. ನೆರಿಗೆಗಳ ಸಂಖ್ಯೆಯನ್ನು ಅರ್ಧ ಮಾಡಬೇಕು. ಮಿಷನ್ ಹೊಲಿಗೆ ಹಾಕಿದ ಅಂಚು ಈ ಅಳತೆಯಲ್ಲಿ ಹಗ್ಗದಂತೆ ಕಾಣುವುದರಿಂದ ಒಂದೇ ಎಳೆಯಲ್ಲಿ ಕೈಯಿಂದ ಮಡಿಸಿ ಹೊಲಿಯಬೇಕು, ಇಲ್ಲವೆ ಬಟ್ಟೆಯ ನೇಯ್ದ ಅಂಚನ್ನೇ ಬಳಸಿಕೊಳ್ಳಬೇಕು. ನೆರಿಗೆಗೆ ನೀರು ಚಿಮುಕಿಸಿ, ದಾರದಿಂದ ಸಡಿಲವಾಗಿ ಕಟ್ಟಿ ಒಂದು ರಾತ್ರಿ ಬಿಟ್ಟರೆ ಅದು ಮಾತು ಕೇಳುತ್ತದೆ.

ಎಷ್ಟು ಉಳಿಸಬೇಕು, ಎಷ್ಟು ಬಿಡಬೇಕು ಎಂಬ ಈ ಚೌಕಾಸಿಯಲ್ಲೇ ಉಡುಪಿನ ಗುಟ್ಟು ತಿಳಿಯುವುದು. ಕಚ್ಚೆಯ ತುದಿಯನ್ನು ಕಾಲುಗಳ ನಡುವೆ ತೆಗೆದು ಹಿಂದೆ ಸಿಕ್ಕಿಸಿದ ಮೇಲೆ ಹೆಗಲಿಗೆ ಎಷ್ಟು ಸೆರಗು ಉಳಿಯಬೇಕು? ಎರಡು ಸಲ ಬಿಚ್ಚಿ ಮೂರನೆಯ ಸಲ ಉಡಿಸುವಾಗ ಹದಿನೆಂಟು ಮೊಳ ಏಕೆ ಬೇಕಿತ್ತೆಂದು ತಾನಾಗಿ ಅರ್ಥವಾಗುತ್ತದೆ. ಲಂಗವಿಲ್ಲದ ಕಾಲದಲ್ಲಿ ಮೈಮುಚ್ಚುವ ಕೆಲಸವನ್ನೆಲ್ಲ ಸೀರೆಯೇ ಮಾಡಬೇಕಿತ್ತು. ಕಚ್ಚೆ ಹಾಕಿದವಳು ದಾಪುಗಾಲು ಹಾಕಬಹುದಿತ್ತು, ಕುಕ್ಕರಗಾಲಲ್ಲಿ ಕೂತು ಒರಳು ತಿರುಗಿಸಬಹುದಿತ್ತು. ಉತ್ತರ ಕರ್ನಾಟಕದಲ್ಲಿ ಹೊಲಗೆಲಸಕ್ಕೆ ಇಳಿದವಳು ಕಟ್ಟುವ ಗಂಡುಗಚ್ಚೆಗೆ ಆ ಹೆಸರೇಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಭಾಗದ ಉಡುಪನ್ನು ಸಣ್ಣದು ಮಾಡುವುದು ಬೇರೆಯೇ ಒಂದು ಪರೀಕ್ಷೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಕೊಂಡಿಯಾಗಿ ಸೇರಿಸಿ ನೇಯುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ಹಲ್ಲು ಹಲ್ಲಾದ ಸಾಲು ಅದರ ಗುರುತು. ನಿಜವಾದ ಇಳಕಲ್ ಸೀರೆಯ ತುಂಡನ್ನೇ ಗೊಂಬೆಗೆ ಉಡಿಸಿದರೆ ಆ ಹಲ್ಲುಗಳು ಗೊಂಬೆಯ ಮುಖಕ್ಕಿಂತ ದೊಡ್ಡದಾಗುತ್ತವೆ. ಆದ್ದರಿಂದ ತೆಳು ಬಟ್ಟೆಯ ಮೇಲೆ ಸೂಜಿಯಿಂದಲೇ ಆ ಸಾಲನ್ನು ಮೂಡಿಸಬೇಕು. ಗುಳೇದಗುಡ್ಡದ ಕಣದ ಮಟ್ಟಿಗೆ ಅದೃಷ್ಟ ಒಳ್ಳೆಯದು. ಕುಪ್ಪಸಕ್ಕೆಂದೇ ನೇಯುವ ಆ ಬಟ್ಟೆಯ ಬುಟ್ಟಾಗಳು ಎಷ್ಟು ಸಣ್ಣವೆಂದರೆ ಕೆಲವನ್ನು ಗೊಂಬೆಗೆ ಹಾಗೆಯೇ ಬಳಸಬಹುದು. ಮುಂದೆ ಗಂಟು ಕಟ್ಟುವ ಹಳೆಯ ಕುಪ್ಪಸವನ್ನು ಒಮ್ಮೆ ಗೊಂಬೆಗೆ ಹೊಲಿದವರಿಗೆ ಗುಂಡಿ, ಹುಕ್ಕುಗಳಿಲ್ಲದೆ ಎಷ್ಟು ಜಾಣತನದಿಂದ ಕೆಲಸ ಸಾಗುತ್ತಿತ್ತೆಂದು ಕಾಣುತ್ತದೆ.

ಕಸೂತಿ ಮಾತ್ರ ಜಗ್ಗುವುದಿಲ್ಲ. ಧಾರವಾಡ ಕಡೆಯ ಈ ಕಲೆಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯ ಎಂಬ ಹೊಲಿಗೆಗಳಲ್ಲೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳು ಏಳುತ್ತವೆ. ಗವಂತಿಯಂತೂ ಬಟ್ಟೆಯ ಎರಡೂ ಬದಿಗೆ ಒಂದೇ ಸಮನೆ ಕಾಣಬೇಕು, ಗಂಟು ಕಾಣಬಾರದು. ಎಳೆಯ ಲೆಕ್ಕವೇ ಆಧಾರವಾದ್ದರಿಂದ ಗೋಪುರವನ್ನು ಆರರಲ್ಲಿ ಒಂದಕ್ಕೆ ಇಳಿಸಲು ಬಟ್ಟೆಯಲ್ಲಿ ಅಷ್ಟು ಎಳೆಗಳೇ ಇರುವುದಿಲ್ಲ. ಜಾಣರು ಗೋಪುರವನ್ನು ಬಿಟ್ಟು ಒಂದು ಚುಕ್ಕಿ, ಒಂದು ಕವಲು ಉಳಿಸಿಕೊಳ್ಳುತ್ತಾರೆ. ದೂರದಿಂದ ನೋಡಿದರೆ ಕಸೂತಿಯೆಂದು ಗೊತ್ತಾದರೆ ಸಾಕು.

ಕೊಡಗಿನ ಸೀರೆ ಗೊಂಬೆಗೆ ಹೇಳಿ ಮಾಡಿಸಿದಂತಿದೆ. ನೆರಿಗೆ ಹಿಂದೆ ಇರುವುದರಿಂದ ಮುಂಭಾಗ ನುಣುಪಾಗಿ ನಿಲ್ಲುತ್ತದೆ. ಸೆರಗನ್ನು ಎಡ ತೋಳಿನ ಕೆಳಗಿನಿಂದ ತಂದು ಬಲ ಹೆಗಲ ಮೇಲೆ ಪಿನ್ನು ಹಾಕಿದರೆ ಆಯಿತು. ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದೆ ಸರಿಯಿತೆಂಬ ಐತಿಹ್ಯವನ್ನು ಗೊಂಬೆಯ ಜೊತೆಗೇ ಮಕ್ಕಳಿಗೆ ಹೇಳಬಹುದು. ಗಂಡು ಗೊಂಬೆಗೆ ಕರಿಯ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ. ಅದರಲ್ಲಿ ಸಿಕ್ಕಿಸುವ ಪೀಚೆಕತ್ತಿಯನ್ನು ಬೆಂಕಿಕಡ್ಡಿಯಲ್ಲಿ ಕೆತ್ತುವವರೂ ಇದ್ದಾರೆ.

ಗೊಂಬೆಯ ಉಡುಪನ್ನು ವೃತ್ತಿಯಾಗಿಯೇ ಕಾಪಾಡಿಕೊಂಡು ಬಂದ ಉದಾಹರಣೆ ಕುಂದಾಪುರದ ಬಳಿಯ ಉಪ್ಪಿನಕುದ್ರಿನಲ್ಲಿದೆ. ಕೊಗ್ಗ ಕಾಮತರ ಮನೆತನದ ಯಕ್ಷಗಾನ ಸೂತ್ರದ ಗೊಂಬೆಗಳು ಬಡಗುತಿಟ್ಟಿನ ವೇಷಧಾರಿಗಳನ್ನೇ ಕಿರಿದುಗೊಳಿಸಿದಂತಿವೆ. ಚೌಕುಳಿಯ ಕಸೆ ಸೀರೆ, ಮುಂಡಾಸು, ಭುಜಕೀರ್ತಿ, ಎದೆಕಟ್ಟು ಯಾವುದನ್ನೂ ಬಿಟ್ಟಿಲ್ಲ. ನಿಂತ ಗೊಂಬೆಗೂ ಕುಣಿಯುವ ಗೊಂಬೆಗೂ ಹೊಲಿಗೆಯಲ್ಲಿ ವ್ಯತ್ಯಾಸವಿದೆ. ಇಲ್ಲಿ ಮೊಣಕೈ, ಮಂಡಿ ಮಡಿಸುವ ಕಡೆ ಬಟ್ಟೆ ಸಡಿಲವಿರಬೇಕು, ಸೂತ್ರ ಹಾಯುವ ಕಡೆ ತೊಡಕಬಾರದು.

ಇನ್ನೂ ಹಿಂದಿನ ಕಾಲಕ್ಕೆ ಹೋಗಬಯಸುವವರಿಗೆ ಆಧಾರಗಳು ಬೇಕು. ಹಿಂದೂಪುರದ ಬಳಿಯ ಲೇಪಾಕ್ಷಿಯ ವೀರಭದ್ರ ದೇವಾಲಯದ ಒಳಮಾಳಿಗೆಯಲ್ಲಿ ಹದಿನಾರನೆಯ ಶತಮಾನದ ವರ್ಣಚಿತ್ರಗಳಿವೆ. ವಿಜಯನಗರ ಕಾಲದ ಹೆಂಗಸರ ಪಟ್ಟೆ ಪಟ್ಟೆಯ, ಚೌಕುಳಿಯ ಸೀರೆಗಳು, ಗಂಡಸರ ತಲೆಯ ಮೇಲಿನ ಎತ್ತರದ ಕುಲಾವಿಗಳು ಅಲ್ಲಿ ಕಣ್ಣಿಗೆ ಕಟ್ಟುತ್ತವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಚಿನ್ನದ ಎಳೆಯಲ್ಲಿ ಗುಲಾಬಿಗಳನ್ನು ಹೆಣೆದ ಬಿಳಿಯ ಬಟ್ಟೆಯಲ್ಲಿ, ಜರತಾರಿ ಟೊಪ್ಪಿಗೆಯಲ್ಲಿ, ಬರಿಗಾಲಿನಲ್ಲಿ ಇದ್ದ ಕೃಷ್ಣದೇವರಾಯನನ್ನು ವರ್ಣಿಸಿದ್ದಾನೆ. ಸಿನಿಮಾ ನೋಡಿ ಕೃಷ್ಣದೇವರಾಯನ ಗೊಂಬೆಗೆ ಕಿರೀಟ, ಮಖಮಲ್ಲಿನ ನಿಲುವಂಗಿ ತೊಡಿಸುವವರು ಈ ವರ್ಣನೆಯನ್ನೊಮ್ಮೆ ಓದುವುದು ಒಳ್ಳೆಯದು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ 1934ರಿಂದ 1945ರವರೆಗೆ ಬರೆದ ದಸರಾ ಮೆರವಣಿಗೆಯ ಚಿತ್ರಗಳು ಫೋಟೋಗಳನ್ನು ಆಧರಿಸಿದವು. ದರ್ಬಾರಿನ ಕರಿಯ ನಿಲುವಂಗಿ, ಬಿಳಿಯ ಷರಾಯಿ, ಜರಿಪೇಟ ಹೇಗಿದ್ದವೆಂದು ತಿಳಿಯಲು ಅವಕ್ಕಿಂತ ಸ್ಪಷ್ಟ ಪಾಠ ಇನ್ನೊಂದಿಲ್ಲ.

ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ 1965ರಲ್ಲಿ ತೆರೆದ ಗೊಂಬೆಗಳ ಸಂಗ್ರಹಾಲಯದಲ್ಲಿ ದೇಶದೇಶದ ಗೊಂಬೆಗಳ ಜೊತೆಗೆ ಭಾರತದ ನಾನಾ ಪ್ರಾಂತ್ಯಗಳ ಉಡುಪಿನ ಗೊಂಬೆಗಳೂ ಇವೆ. ಆ ಶ್ರದ್ಧೆ ಎಂಪೋರಿಯಂಗಳ ಗೊಂಬೆಗಳಲ್ಲಿ ಕಾಣುವುದು ಅಪರೂಪ. ರಾಜ್ಯಕ್ಕೊಂದು ಜೋಡಿ, ಜೋಡಿಗೊಂದು ಚೀಟಿ. ಚೀಟಿ ಕಿತ್ತರೆ ಕನ್ನಡತಿ ಯಾರು, ತೆಲುಗಿನವಳು ಯಾರು ಎಂದು ಗೊತ್ತಾಗದು. ಬೀದರಿನಿಂದ ಕೊಡಗಿನವರೆಗೆ ಒಂದೇ ಸೀರೆ ಉಟ್ಟ ಕರ್ನಾಟಕ ಎಂದೂ ಇದ್ದದ್ದಿಲ್ಲ.

ಇನ್ನೊಂದು ಶತ್ರು ಗೋಂದು. ಪಟ್ಟದ ಗೊಂಬೆಗೆ ಬಟ್ಟೆಯನ್ನು ಅಂಟಿಸಿ, ಮೇಲೆ ಮಣಿ, ಚಮಕಿ ಅಂಟಿಸುವ ರೂಢಿ ಹೆಚ್ಚಿದೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಮೈದಾ ಅಂಟಿಗೆ ಜಿರಲೆ ಬರುತ್ತದೆ, ಬಟ್ಟೆ ಮುಂದೆ ಬಿಡಿಸಲಾರದಂತಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅಂಟಿಸಿದ ಸೀರೆಯನ್ನು ಬಿಚ್ಚಿ ಉಡಿಸುವ ಪ್ರಮೇಯವೇ ಇಲ್ಲದ್ದರಿಂದ ಮುಂದಿನ ವರ್ಷ ಅಜ್ಜಿಯನ್ನು ಕೇಳುವ ಅಗತ್ಯವೂ ಇರುವುದಿಲ್ಲ. ಒಂದೆರಡು ಟಾಕು, ನಾಲ್ಕು ಗುಂಡುಪಿನ್ನುಗಳಲ್ಲಿ ನಿಲ್ಲಿಸಿದ ಸೀರೆಯೇ ಮೇಲು.

ಹಳೆಯ ಸೀರೆಗೆ ಕತ್ತರಿ ಹಾಕುವ ಮುನ್ನವೂ ಯೋಚಿಸಬೇಕು. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಬೆಳ್ಳಿಯ ಆಸೆಗೆ ಅಂಥ ಸೀರೆಗಳನ್ನು ಕೊಂಡು ಸುಡುವ ವ್ಯಾಪಾರ ಊರೂರಲ್ಲೂ ಇದೆ. ಅಜ್ಜಿಯ ಎಷ್ಟೋ ಸೀರೆಗಳು ಆ ದಾರಿ ಹಿಡಿದಿವೆ. ಇಡಿಯಾಗಿರುವ ಸೀರೆಯನ್ನು ಗೊಂಬೆಗಾಗಿ ಕತ್ತರಿಸುವುದೂ ಅದಕ್ಕಿಂತ ಉತ್ತಮವೇನಲ್ಲ. ಮಡಿಕೆಯಲ್ಲಿ ಸೀಳಿಹೋದ ಸೀರೆಯಾದರೆ ಅದರ ಗಟ್ಟಿ ಭಾಗದಲ್ಲಿ ಐದಾರು ಗೊಂಬೆಗಳಿಗೆ ಬಟ್ಟೆ ದೊರೆಯುತ್ತದೆ. ಆ ಬಟ್ಟೆ ಯಾರ ಸೀರೆಯದು, ಎಲ್ಲಿ ಕೊಂಡದ್ದು, ಅವರು ಅದನ್ನು ಯಾವ ರೀತಿಯಲ್ಲಿ ಉಡುತ್ತಿದ್ದರು ಎಂಬ ಮೂರು ವಿಷಯಗಳನ್ನು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಬರೆದು, ಬೇವಿನ ಎಲೆಯ ಜೊತೆಗೆ ಗೊಂಬೆಯ ಪೆಟ್ಟಿಗೆಯಲ್ಲಿ ಇಡಬೇಕು. ಶಾಯಿಯಲ್ಲಿ ಬರೆದರೆ ತೇವಕ್ಕೆ ಹರಡಿ ರೇಷ್ಮೆಗೆ ಕಲೆಯಾಗುತ್ತದೆ.