ಇಲ್ಲದ ಹಕ್ಕಿಯ ಅಂಗರಚನೆ

ಮಹಾಭಾರತದ ಆದಿಪರ್ವದಲ್ಲಿ ಗರುಡನು ಆನೆಯೊಂದನ್ನೂ ಆಮೆಯೊಂದನ್ನೂ ಉಗುರುಗಳಲ್ಲಿ ಹಿಡಿದು, ಕುಳಿತು ತಿನ್ನಲು ತಾಣ ಹುಡುಕುತ್ತ ಹಾರುತ್ತಾನೆ. ಕುಳಿತ ಮರದ ಕೊಂಬೆ ಮುರಿಯುತ್ತದೆ. ಆ ಕೊಂಬೆಯಲ್ಲಿ ವಾಲಖಿಲ್ಯ ಋಷಿಗಳು ತಲೆಕೆಳಗಾಗಿ ತೂಗುತ್ತಿದ್ದುದರಿಂದ ಅದನ್ನೂ ಕೊಕ್ಕಿನಲ್ಲಿ ಕಚ್ಚಿಕೊಂಡು ಮತ್ತೆ ಹಾರುತ್ತಾನೆ. ಕೊಂಬೆ ಮುರಿಯುವಷ್ಟು ಭಾರವೆಂಬುದು ಕವಿಗೆ ತಿಳಿದಿತ್ತು. ಅಷ್ಟು ಭಾರ ಗಾಳಿಯಲ್ಲಿ ಹೇಗೆ ನಿಂತಿತೆಂದು ಅವನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ನಮ್ಮ ಕಾಲದ ಕಥೆಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಪ್ರೇಕ್ಷಕರು ಶಾಲೆಯಲ್ಲಿ ವಿಜ್ಞಾನ ಓದಿದವರು. ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿ 2009ರ ಡಿಸೆಂಬರಿನಲ್ಲಿ ತೆರೆಗೆ ಬಂದ ‘ಅವತಾರ್’ ಚಿತ್ರದ ಯೋಧರು ಆಕಾಶದಲ್ಲಿ ಸವಾರಿ ಮಾಡುತ್ತಾರೆ. ಅವರು ಪಂಡೋರ ಎಂಬ ಕಲ್ಪಿತ ಚಂದ್ರನ ನಿವಾಸಿಗಳು. ಸುಮಾರು ಮೂರು ಮೀಟರ್ ಎತ್ತರದ, ನೀಲಿ ಮೈಬಣ್ಣದ ನಾವಿ ಜನ. ಅವರ ವಾಹನದ ಹೆಸರು ಇಕ್ರಾನ್. ನಾಲ್ಕು ಕಣ್ಣು, ಗರಿಯಿಲ್ಲದ ರೆಕ್ಕೆ, ಬಾಯಿ ತುಂಬ ಹಲ್ಲು. ಬೇಟೆಯಾಡಿ ಬದುಕುವ ಪ್ರಾಣಿ. ಅದನ್ನು ಹಕ್ಕಿಯೆಂದು ಕರೆಯುವುದು ನನ್ನ ಅನುಕೂಲಕ್ಕೆ ಮಾತ್ರ. ಚಿತ್ರದ ಜೊತೆಗೆ ಪ್ರಕಟವಾದ ವಿವರಗಳಲ್ಲಿ ಅದರ ರೆಕ್ಕೆಗಳ ಹರವು ಸುಮಾರು 14 ಮೀಟರ್ ಎಂದಿದೆ. ಇಂಥ ಪ್ರಾಣಿ ಹಾರಬಲ್ಲುದೆ, ಹಾರಿದರೂ ಒಬ್ಬ ಯೋಧನನ್ನು ಹೊರಬಲ್ಲುದೆ, ಹೊರಬಲ್ಲುದಾದರೂ ಏಕೆ ಹೊರಬೇಕು? ಈ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ನನಗೆ ಮುಖ್ಯವೆನಿಸುತ್ತದೆ. ಆದರೆ ಮೊದಲೆರಡನ್ನು ದಾಟದೆ ಅಲ್ಲಿಗೆ ದಾರಿಯಿಲ್ಲ.

ಹಾರುವ ಪ್ರಾಣಿಗೆ ಅದರ ಗಾತ್ರವೇ ಶತ್ರು. ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ತೂಕ ಎಂಟು ಪಟ್ಟಾಗುತ್ತದೆ. ಗೆಲಿಲಿಯೊ ಪ್ರಾಣಿಗಳ ಮೂಳೆಗಳನ್ನು ಕುರಿತು 1638ರಷ್ಟು ಹಿಂದೆಯೇ ಈ ಬಗೆಯ ಲೆಕ್ಕವನ್ನು ಮುಂದಿಟ್ಟಿದ್ದ. ಇಂದು ಬದುಕಿರುವ ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರುವ ಆಫ್ರಿಕದ ಕೋರಿ ಬಸ್ಟರ್ಡ್, ನಮ್ಮ ಎರೆಭೂತದ ಬಂಧು, 18 ಕಿಲೋದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹಿಂದಿನ ಕಾಲ ಇಷ್ಟು ಜಿಪುಣವಾಗಿರಲಿಲ್ಲ. 1971ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಡಗ್ಲಸ್ ಲಾಸನ್ ಎಂಬ ವಿದ್ಯಾರ್ಥಿಗೆ ದೊರೆತ ರೆಕ್ಕೆಯ ಮೂಳೆಗಳು ಕ್ವೆಟ್ಸಾಲ್ಕೋಟ್ಲಸ್ ಎಂಬ ಹಾರುವ ಸರೀಸೃಪವನ್ನು ಬೆಳಕಿಗೆ ತಂದವು. ಅದರ ರೆಕ್ಕೆಗಳ ಹರವು 10ರಿಂದ 11 ಮೀಟರ್, ತೂಕ 200ರಿಂದ 250 ಕಿಲೋ ಎಂದು ಅಂದಾಜು. ಇಕ್ರಾನಿನ ರೂಪದ ಹಿಂದೆ ಈ ಕುಲದ ನೆರಳು ಎದ್ದು ಕಾಣುತ್ತದೆ.

ಈ ಪ್ರಾಣಿಯನ್ನೇ 14 ಮೀಟರಿಗೆ ಹಿಗ್ಗಿಸಿ ನೋಡಿದರೆ ತೂಕ 500 ಕಿಲೋ ಮೀರುತ್ತದೆ. ಚಿತ್ರದ ನಿರ್ಮಾತೃಗಳು ಇದನ್ನು ಬಲ್ಲವರಂತೆ ಕಾಣುತ್ತಾರೆ. ಪ್ರಾಣಿಯ ಜೊತೆಗೆ ಅದಕ್ಕೆ ಒಪ್ಪುವ ಲೋಕವನ್ನೂ ಕಲ್ಪಿಸಿದ್ದಾರೆ. ಪಂಡೋರದ ಗುರುತ್ವ ನಮ್ಮದರ ಐದರಲ್ಲಿ ನಾಲ್ಕು ಪಾಲು. ಗಾಳಿಯ ಸಾಂದ್ರತೆ ನಮ್ಮದಕ್ಕಿಂತ ಐದನೆಯ ಒಂದು ಪಾಲು ಹೆಚ್ಚು. 1.2ನ್ನು 0.8ರಿಂದ ಭಾಗಿಸಿದರೆ ಒಂದೂವರೆ. ಅಂದರೆ ಅದೇ ರೆಕ್ಕೆ ಅದೇ ವೇಗದಲ್ಲಿ ಭೂಮಿಯಲ್ಲಿ ಹೊರುವುದರ ಒಂದೂವರೆಯಷ್ಟನ್ನು ಅಲ್ಲಿ ಹೊರಬಲ್ಲುದು. ದೊಡ್ಡ ರಿಯಾಯಿತಿಯೇ ಸರಿ. ಆದರೆ ಅದರ ಬಹುಪಾಲನ್ನು ಇಕ್ರಾನಿನ ಸ್ವಂತ ಗಾತ್ರವೇ ತಿಂದುಹಾಕುತ್ತದೆ. ನಾನು ಲೆಕ್ಕ ಹಾಕಿದಂತೆ ಸವಾರನಿಗೆ ಉಳಿಯುವುದು 60-70 ಕಿಲೋ. ನಮ್ಮಂಥವರಿಗೆ ಅದು ಸಾಕು. ಎಷ್ಟೇ ತೆಳ್ಳಗಿದ್ದರೂ 150 ಕಿಲೋ ತೂಗಬೇಕಾದ ನಾವಿ ಯೋಧನಿಗೆ ಸಾಲದು. ಪರಿಹಾಸವೆಂದರೆ, ನಮ್ಮಂಥವರು ಅಲ್ಲಿ ಮುಖವಾಡವಿಲ್ಲದೆ ಉಸಿರಾಡಿದರೆ 20 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿ ನಾಲ್ಕು ನಿಮಿಷದಲ್ಲಿ ಸಾಯುತ್ತೇವೆ.

ಉಳಿದ ಭಾರಕ್ಕೆ ಉತ್ತರ ವೇಗದಲ್ಲಿದೆ. ರೆಕ್ಕೆಯನ್ನು ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಹತ್ತರಲ್ಲಿ ಒಂದು ಪಾಲು ಹೆಚ್ಚು ವೇಗವಾಗಿ ಹಾರಿದರೂ ಸವಾರ ನಿಲ್ಲುತ್ತಾನೆ. ನೆಲದಿಂದ ನೆಗೆಯುವಾಗ ಆ ವೇಗವನ್ನು ಗಳಿಸುವುದೇ ಕಷ್ಟ. ಆದುದರಿಂದಲೇ ಇಕ್ರಾನ್‌ಗಳು ತೇಲುವ ಪರ್ವತಗಳ ಕಡಿದಾದ ಅಂಚಿನಲ್ಲಿ ವಾಸಿಸುವುದು ನನಗೆ ಬಹಳ ಹಿಡಿಸಿತು. ಅಂಚಿನಿಂದ ಧುಮುಕಿದರೆ ವೇಗ ಪುಕ್ಕಟೆಯಾಗಿ ದೊರೆಯುತ್ತದೆ. ಬಂಡೆಯ ಮೇಲೆ ಗೂಡು ಕಟ್ಟುವ ನಮ್ಮ ರಣಹದ್ದುಗಳೂ ಈ ಉಪಾಯವನ್ನು ಬಲ್ಲವು. ಪರ್ವತ ಏಕೆ ತೇಲುತ್ತದೆಂಬುದು ಬೇರೊಂದು ಭಾಷಣದ ವಿಷಯ.

ಉಸಿರಾಟದ ಏರ್ಪಾಟೂ ಜಾಣತನದ್ದು. ಇಕ್ರಾನ್ ಎದೆಯ ಮುಂಭಾಗದ ರಂಧ್ರಗಳಿಂದ ಗಾಳಿಯನ್ನು ಒಳಗೆಳೆಯುತ್ತದೆ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ಹಳೆಯದೂ ಹೊಸದೂ ಬೆರೆತುಹೋಗುತ್ತವೆ. ಹಕ್ಕಿಯ ಶ್ವಾಸಕೋಶದಲ್ಲಿ, ಗಾಳಿಚೀಲಗಳ ನೆರವಿನಿಂದ, ಅದು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಕೆಲವು ಮೀನುಗಳು ಈಜುವ ವೇಗದಿಂದಲೇ ಕಿವಿರುಗಳ ಮೂಲಕ ನೀರು ಹಾಯಿಸಿಕೊಳ್ಳುತ್ತವೆ. ಟ್ಯೂನಾ ಮೀನು ಈಜು ನಿಲ್ಲಿಸಿದರೆ ಉಸಿರುಗಟ್ಟುತ್ತದೆ. ಇಕ್ರಾನ್ ಈ ಎರಡನ್ನೂ ಕೂಡಿಸಿದಂತಿದೆ. ಬಾಯಿಯಲ್ಲಿ ಬೇಟೆಯಿದ್ದರೂ ಉಸಿರು ಕಟ್ಟುವುದಿಲ್ಲ. ಬಂಡೆಯ ಮೇಲೆ ಸುಮ್ಮನೆ ಕುಳಿತಾಗ ಮಾತ್ರ ಎದೆಯನ್ನೇ ತಿದಿಯಂತೆ ಆಡಿಸಬೇಕು.

ಇಕ್ರಾನ್‌ಗಳನ್ನೂ ಹಿಡಿದು ತಿನ್ನುವ ಇನ್ನೊಂದು ಪ್ರಾಣಿ ಆ ಆಕಾಶದಲ್ಲಿದೆ. ಅದರ ಹೆಸರು ಟೊರುಕ್. ನಾವಿ ಭಾಷೆಯಲ್ಲಿ ‘ಕೊನೆಯ ನೆರಳು’ ಎಂದು ಅರ್ಥ. ಆ ನೆರಳು ಮೇಲೆ ಬಿದ್ದವನು ಮತ್ತೊಂದನ್ನು ಕಾಣುವುದಿಲ್ಲ. ಅದರ ಹರವು 25 ಮೀಟರ್ ಎಂದಿಟ್ಟುಕೊಂಡರೆ ನನ್ನ ಲೆಕ್ಕದಲ್ಲಿ ತೂಕ ಮೂರು ಟನ್ ಮುಟ್ಟುತ್ತದೆ. ಅಷ್ಟು ಮೈಯನ್ನು ಬಡಿದೆತ್ತುವ ಸ್ನಾಯು ನಾವು ಬಲ್ಲ ಯಾವ ಪ್ರಾಣಿಗೂ ಇಲ್ಲ. ಇಕ್ರಾನನ್ನು ವಿಜ್ಞಾನದ ಪಕ್ಕದಲ್ಲಿ ಕೂರಿಸಬಹುದು. ಟೊರುಕ್ ಗರುಡನ ವಂಶದ್ದು.

ಆದರೂ ಇಡೀ ಚಿತ್ರದಲ್ಲಿ ಅಪ್ಪಟ ಜೀವಶಾಸ್ತ್ರದ ಮಾತು ಬರುವುದು ಟೊರುಕ್‌ನ ಪ್ರಸಂಗದಲ್ಲೇ. ನಾವಿ ದೇಹದಲ್ಲಿ ನೆಲೆಸಿದ ಮನುಷ್ಯ ಜೇಕ್ ಅದರ ಬೆನ್ನೇರಲು ನಿಶ್ಚಯಿಸುತ್ತಾನೆ. ಹಿಂದಿನ ನೆನಪಿನಲ್ಲೆಲ್ಲ ಆ ಸಾಹಸ ನಡೆದದ್ದು ಐದೇ ಸಲ. ಅವನ ತರ್ಕ ಸರಳ: ಎಲ್ಲರನ್ನೂ ತಿನ್ನುವ, ಯಾರೂ ತಿನ್ನದ ಪ್ರಾಣಿ ತಲೆಯೆತ್ತಿ ನೋಡಬೇಕಾದ ಅಗತ್ಯವಿಲ್ಲ. ಅವನು ಮೇಲಿನಿಂದ ಅದರ ಬೆನ್ನಿಗೆ ಜಿಗಿಯುತ್ತಾನೆ. ಯಾವ ಇಂದ್ರಿಯವಾದರೂ ಚುರುಕಾಗುವುದು ಅದರಿಂದ ಜೀವ ಉಳಿಯುವಾಗ. ಭಯವಿಲ್ಲದ ದಿಕ್ಕಿಗೆ ಕಾವಲಿಡುವುದು ದುಂದು. ಆದರೆ ನಮ್ಮ ಕಾಜಾಣವನ್ನು ಬಲ್ಲವರು ಇಲ್ಲಿ ನಗಬಹುದು. ಗೂಡಿನ ಬಳಿ ಸುಳಿದ ಹದ್ದನ್ನು ಅದು ಮೇಲಿನಿಂದಲೇ ಎರಗಿ ಬೆನ್ನು ಕುಕ್ಕುತ್ತ ಓಡಿಸುತ್ತದೆ. ಜೇಕ್ ಕಂಡುಹಿಡಿದದ್ದು ಕಾಜಾಣಕ್ಕೆ ಎಂದೋ ಗೊತ್ತಿತ್ತು.

ಇನ್ನು ಮೂರನೆಯ ಪ್ರಶ್ನೆ. ನಾವಿಗಳ ಜಡೆಯ ತುದಿಯಲ್ಲಿ ನರಗಳ ಎಳೆಗಳಿವೆ. ಇಕ್ರಾನಿನ ತಲೆಯಿಂದ ಇಳಿಬಿದ್ದ ಅಂಥದೇ ಕುಚ್ಚಿಗೆ ಅದನ್ನು ಹೆಣೆದರೆ ಸವಾರನ ಇಚ್ಛೆಯೇ ಪ್ರಾಣಿಯ ಇಚ್ಛೆಯಾಗುತ್ತದೆ. ತನ್ನನ್ನು ಕೊಲ್ಲಲು ಬಂದ ಇಕ್ರಾನೇ ತನ್ನನ್ನು ಆರಿಸಿಕೊಂಡ ಇಕ್ರಾನ್ ಎಂದು ತರುಣ ಯೋಧನಿಗೆ ಹೇಳಿಕೊಡುತ್ತಾರೆ. ಅದನ್ನು ಕೆಡವಿ ಜಡೆ ಹೆಣೆದ ಬಳಿಕ ಜೀವಮಾನವಿಡೀ ಅದಕ್ಕೆ ಅವನೊಬ್ಬನೇ ಸವಾರ.

ಭೂಮಿಯಲ್ಲಿ ಇದಕ್ಕೆ ಹತ್ತಿರದ್ದು ಡೇಗೆಯ ಬೇಟೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಶ್ಯೇನವಿನೋದವೂ ಇದೆ. ಡೇಗೆ ಎಂದೂ ಸಾಕುಪ್ರಾಣಿಯಾಗಲಿಲ್ಲ. ಅದು ಕೈಗೆ ಮರಳುವುದು ಹಸಿವಿನಿಂದ. ಬೇಟೆಗಾರ ಅದರ ತೂಕವನ್ನು ಎಚ್ಚರದಿಂದ ಕಾಯುತ್ತಾನೆ. ಹೊಟ್ಟೆ ತುಂಬಿದ ಡೇಗೆ ದೂರದ ಮರದಲ್ಲಿ ಕುಳಿತು ಯಜಮಾನನನ್ನು ನೋಡುತ್ತಿರುತ್ತದೆ, ಅಷ್ಟೆ. ಆಫ್ರಿಕದ ಜೇನು ತೋರುವ ಹಕ್ಕಿಯದು ಇನ್ನೂ ನೇರವಾದ ವ್ಯವಹಾರ. ಅದು ಕೂಗಿ ಕರೆದು ಮನುಷ್ಯನನ್ನು ಜೇನಿನ ಬಳಿಗೆ ಒಯ್ಯುತ್ತದೆ. ಜೇನು ಅವನಿಗೆ, ಮೇಣ ಅದಕ್ಕೆ.

ಇಕ್ರಾನಿಗೆ ಏನು ಸಿಗುತ್ತದೆ? ತನ್ನ ಮೈತೂಕದ ಕಾಲುಭಾಗಕ್ಕೂ ಮಿಗಿಲಾದ ಹೊರೆ, ಅದಕ್ಕಾಗಿ ಸ್ನಾಯುಗಳ ಹೆಚ್ಚಿನ ದುಡಿಮೆ, ಅದಕ್ಕೆ ತಕ್ಕ ಹೆಚ್ಚಿನ ಬೇಟೆ. ನಾಯಕಿ ನೇತಿರಿಯ ಇಕ್ರಾನ್ ಕೊನೆಯ ಯುದ್ಧದಲ್ಲಿ ಪ್ರಾಣವನ್ನೇ ಕೊಡುತ್ತದೆ. ಇಬ್ಬರಿಗೂ ಲಾಭವಿದ್ದರೆ ಜೀವಶಾಸ್ತ್ರಜ್ಞ ಅದನ್ನು ಸಹಜೀವನವೆನ್ನುತ್ತಾನೆ; ಒಬ್ಬನಿಗೇ ಲಾಭವಾಗಿ ಇನ್ನೊಬ್ಬನಿಗೆ ನಷ್ಟವಾದರೆ ಪರಾವಲಂಬನೆಯೆನ್ನುತ್ತಾನೆ. ಚಿತ್ರ ಇದನ್ನು ಪವಿತ್ರ ಬಂಧವೆನ್ನುತ್ತದೆ. ಮೂಳೆ, ರೆಕ್ಕೆ, ಉಸಿರಿಗೆಲ್ಲ ಕಾರಣ ಹುಡುಕಿದವರು ಈ ಒಂದಕ್ಕೆ ಮಾತ್ರ ಕಾರಣ ಕೊಡದೆ ಬಿಟ್ಟರು. ಕಾಡುತನ ಕೆಡದಂತೆ ಕಾಡುಪ್ರಾಣಿಯನ್ನು ಆಳಬೇಕೆಂಬುದು ಮನುಷ್ಯನ ಹಳೆಯ ಬಯಕೆ. ಆ ಜಡೆಯಲ್ಲಿ ಹೆಣೆದಿರುವುದು ಅದೇ ಎಂದು ನನ್ನ ಗುಮಾನಿ.

ಯುದ್ಧ ಮುಗಿದ ಮೇಲೆ ಜೇಕ್ ಟೊರುಕ್‌ನನ್ನು ಬಿಟ್ಟುಬಿಡುತ್ತಾನೆ. ತನಗಿನ್ನು ಅದರ ಅಗತ್ಯವಿಲ್ಲ ಎಂಬುದು ಅವನು ಕೊಡುವ ಕಾರಣ. ದೊಡ್ಡ ನೆರಳು ಕಾಡಿನ ಮೇಲೆ ಹಾರಿಹೋಗುತ್ತದೆ. ಜಡೆಗೆ ಜಡೆ ಹೆಣೆದ ಅಷ್ಟೂ ಕಾಲ ಅದು ಏನು ತಿಂದು ಬದುಕಿತೆಂಬುದನ್ನು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ.