ಹಿಡಿ ಉಪ್ಪು, ಹದಿನೆಂಟು ಗಂಟು
ವಾಳಪೈಯಂಥ ಊರಿನ ಮಗುವಿಗೆ ವಸಾಹತು ಕಾಲದ ಬದುಕು ಕೈಯಿಂದ ತಿಳಿಯಬೇಕಾದ ಬಗೆ

ಜನವರಿ 26ರಂದು ಶಾಲೆಯ ಅಂಗಳದಲ್ಲಿ ಧ್ವಜ ಏರುತ್ತದೆ, ಮಕ್ಕಳ ಕೈಗೆ ಸಿಹಿ ಬೀಳುತ್ತದೆ. ಸಹ್ಯಾದ್ರಿಯ ಎರಡು ಮಗ್ಗುಲಿನ ಎರಡು ಊರುಗಳಿಗೆ ಈ ದಿನಾಂಕದೊಂದಿಗೆ ಗಣರಾಜ್ಯಕ್ಕಿಂತ ಹಳೆಯ ನಂಟಿದೆ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಇಂಗ್ಲಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. 1852ರ ಅದೇ ದಿನ, ಘಟ್ಟದ ಕೆಳಗೆ, ಗೋವಾದ ವಾಳಪೈ ಬಳಿಯ ನಾಣೂಸ್ ಕೋಟೆಯನ್ನು ಬಂಡಾಯದ ನಾಯಕ ದೀಪಾಜಿ ರಾಣೆ ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಹೊಳೆ ವಾಳಪೈ ಇರುವ ಸತ್ತರಿ ತಾಲ್ಲೂಕಿನಲ್ಲೇ ಹರಿದು, ಮುಂದೆ ಮಾಂಡೋವಿಯಾಗಿ ಪಣಜಿಯಲ್ಲಿ ಕಡಲು ಸೇರುತ್ತದೆ. ಒಂದೇ ಹೊಳೆ, ಒಂದೇ ಕಾಡು. ಮೇಲೆ ಒಬ್ಬ ದೊರೆ, ಕೆಳಗೆ ಇನ್ನೊಬ್ಬ ದೊರೆ. ಪರಕೀಯರ ಆಳ್ವಿಕೆ ಎಂದರೇನೆಂದು ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ಆದರೂ ಆ ದಿನ ವೇದಿಕೆ ಹತ್ತುವ ಮಗುವಿಗೆ ನಾವು ಕೊಡುವುದು ಕಾಡಿಗೆಯಲ್ಲಿ ಬರೆದ ಮೀಸೆ, ರಟ್ಟಿನ ಕತ್ತಿ, ಬಾಯಿಪಾಠ ಮಾಡಿಸಿದ ನಾಲ್ಕು ಸಾಲು.

ವರ್ಷದ ಉಳಿದ ದಿನಗಳಲ್ಲಿ ಇದೇ ಕೆಲಸ ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಥರ್ಮೊಕೋಲಿನ ಕೋಟೆ, ಅದಕ್ಕೆ ಬಣ್ಣ, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಚಿತ್ರಪಟ್ಟಿಯಿಂದ ಕತ್ತರಿಸಿ ಅಂಟಿಸಿದ ವಾಸ್ಕೊ ಡ ಗಾಮ. ಹೆಚ್ಚಿನ ಮನೆಗಳಲ್ಲಿ ರಾತ್ರಿ ಹತ್ತರವರೆಗೆ ಕೂತು ಇದನ್ನು ಮುಗಿಸುವವರು ಅಪ್ಪ ಅಮ್ಮ. ಕೈಗೆ ಕೆಲಸ ಕೊಟ್ಟರೆ ಮಗು ಕಲಿಯುತ್ತದೆ ಎಂಬ ಮಾತು ನಿಜ. ಆದರೆ ಯಾವ ಕೆಲಸ ಎಂಬುದನ್ನು ನಾವು ಕೇಳಿಕೊಂಡಿಲ್ಲ. ಥರ್ಮೊಕೋಲ್ ಕತ್ತರಿಸಿದ ಮಗು ಥರ್ಮೊಕೋಲ್ ಕತ್ತರಿಸುವುದನ್ನು ಕಲಿಯುತ್ತದೆ. ಆ ಕೋಟೆಯ ಕಲ್ಲು ಹೊತ್ತವರು ಯಾರು, ಅವರ ಊಟಕ್ಕೆ ಬೇಕಾದ ಭತ್ತ ಯಾರ ಗದ್ದೆಯದು, ಕೋಟೆಯನ್ನು ಕಿತ್ತುಕೊಳ್ಳುವಷ್ಟು ಸಿಟ್ಟು ಜನರಿಗೆ ಏಕೆ ಬಂತು ಎಂಬ ಪ್ರಶ್ನೆಗಳು ಅಂಟಿನ ಡಬ್ಬಿಯಿಂದ ಹೊರಬರುವುದಿಲ್ಲ. ಅಂದಿನ ಜನರ ಕೈಗೆ ಎದುರಾದ ತೊಡಕೊಂದು ಇಂದಿನ ಮಗುವಿನ ಕೈಗೂ ಎದುರಾದಾಗ ಮಾತ್ರ ಕೈಕೆಲಸ ಚರಿತ್ರೆಯ ಪಾಠವಾಗುತ್ತದೆ. ಈ ಲೇಖನದ ವಾದ ಇಷ್ಟೇ. ವಸಾಹತು ಕಾಲದ ಬದುಕೆಂದರೆ ವೈಸರಾಯರ ಟೋಪಿ, ಅರಮನೆಯ ಮೇಜು ಎಂದು ಮಗು ತಿಳಿದರೆ ಪಾಠ ಕೆಟ್ಟಿತು. ಆಳಿಸಿಕೊಂಡವರ ಉಪ್ಪು, ಕಂದಾಯ, ನಾಣ್ಯ, ನುಡಿ, ದಾರಿ ಇವುಗಳಲ್ಲಿ ಅದು ಆ ಕಾಲವನ್ನು ಮುಟ್ಟಬೇಕು.

ಮೊದಲು ಕಾಲದ ಲೆಕ್ಕವನ್ನೇ ನೋಡೋಣ. ಗೋವಾ 451 ವರ್ಷ ಪೋರ್ಚುಗೀಸರ ಕೆಳಗಿತ್ತು ಎಂಬುದು ಎಲ್ಲರ ನಾಲಗೆಯ ಮೇಲಿರುವ ಮಾತು. 1510ರಲ್ಲಿ ಅಲ್ಬುಕರ್ಕ್ ಹಳೇ ಗೋವಾವನ್ನು ಹಿಡಿದ, 1961ರ ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದರು, ನಿಜ. ಆದರೆ ಎಪ್ಪತ್ತು ಹಳ್ಳಿಗಳ ನಾಡು ಎಂಬುದರಿಂದ ಹೆಸರು ಪಡೆದ ಸತ್ತರಿ ಅವರ ವಶವಾದದ್ದು 1780ರ ದಶಕದಲ್ಲಿ, ಅವರು ‘ಹೊಸ ಗೆಲುವುಗಳು’ ಎಂದು ಕರೆದ ಪ್ರದೇಶಗಳ ಜತೆಗೆ. ಇದನ್ನು ಮಗುವಿಗೆ ತಿಳಿಸಲು ಒಂದು ಉದ್ದದ ಸೆಣಬಿನ ಹಗ್ಗ ಸಾಕು. ಹತ್ತು ವರ್ಷಕ್ಕೊಂದು ಗಂಟು. ಹಳೇ ಗೋವಾದ ಹಗ್ಗಕ್ಕೆ ನಲವತ್ತೈದು ಗಂಟು ಹಾಕುವ ಹೊತ್ತಿಗೆ ಬೆರಳು ನೋಯುತ್ತದೆ. ವಾಳಪೈಯ ಹಗ್ಗ ಹದಿನೆಂಟಕ್ಕೆ ಮುಗಿಯುತ್ತದೆ. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿದಾಗ ನಾಲ್ಕನೇ ತರಗತಿಯ ಮಗುವೂ ಕೇಳುತ್ತದೆ: ನಮ್ಮದೇಕೆ ಇಷ್ಟು ಗಿಡ್ಡ? ಅದೇ ಪ್ರಶ್ನೆಯಿಂದ ಶಿಕ್ಷಕರು ಪಾಠ ಶುರು ಮಾಡಬಹುದು. ಒಂದೇ ರಾಜ್ಯದೊಳಗೆ ಎರಡು ಬಗೆಯ ಅನುಭವವಿತ್ತು ಎಂಬ ಸೂಕ್ಷ್ಮ ಸಂಗತಿ ಪುಸ್ತಕದ ಒಂದು ಸಾಲಿನಲ್ಲಿ ಕಳೆದುಹೋಗುತ್ತದೆ. ಹಗ್ಗದಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ದಾರದ ಕೆಲಸ. ಗೋಡೆಗೆ ಒಂದು ಭೂಪಟ, ವಾಳಪೈಗೆ ಒಂದು ಗುಂಡುಪಿನ್ನು. 1895ರಲ್ಲಿ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಎದ್ದ ದಂಗೆಯನ್ನು ಅಡಗಿಸಲು ಗೋವಾದ ಮರಾಠಾ ಸಿಪಾಯಿಗಳನ್ನು ಹಡಗು ಹತ್ತಲು ಹೇಳಿದಾಗ ಅವರು ಒಲ್ಲೆವೆಂದು ದಂಗೆ ಎದ್ದರು. ಸತ್ತರಿಯ ರಾಣೆ ಮನೆತನದವರು ಅವರ ಜತೆ ಸೇರಿದರು. ಬಂಡಾಯ ಅಡಗಿಸಲು ಲಿಸ್ಬನ್‌ನಿಂದ ರಾಜಕುಮಾರ ಅಫೊನ್ಸೊ ದಂಡಿನೊಂದಿಗೆ ಬಂದ. ಕೊನೆಗೆ ನಾಯಕ ದಾದಾ ರಾಣೆಯನ್ನು ದೂರದ ತಿಮೋರ್ ದ್ವೀಪಕ್ಕೆ ಗಡಿಪಾರು ಮಾಡಿದರು. ಮೊಜಾಂಬಿಕ್‌ಗೆ ಒಂದು ದಾರ, ಲಿಸ್ಬನ್‌ಗೆ ಒಂದು, ತಿಮೋರ್‌ಗೆ ಒಂದು. ಕಾಡಂಚಿನ ತಮ್ಮ ಪುಟ್ಟ ಊರಿನಿಂದ ಮೂರು ಖಂಡಗಳತ್ತ ದಾರ ಬಿಗಿಯುವ ಮಗುವಿಗೆ ‘ಸಾಮ್ರಾಜ್ಯ’ ಎಂಬ ಪದದ ಅರ್ಥವನ್ನು ಬೇರೆಯಾಗಿ ಹೇಳಬೇಕಿಲ್ಲ. ಒಂದು ಕಡೆ ಬಂಡೆದ್ದವರನ್ನು ತುಳಿಯಲು ಇನ್ನೊಂದು ಕಡೆಯ ಬಡವರನ್ನು ಕಳಿಸುವ ಯಂತ್ರ ಅದು ಎಂಬುದು ದಾರದ ತುದಿಯಲ್ಲೇ ಇದೆ.

ತಟ್ಟೆಯಲ್ಲಿ ಒಣಗಿದ ತೆರಿಗೆ

ಎಲ್ಲಕ್ಕಿಂತ ಗಟ್ಟಿ ಪಾಠ ಉಪ್ಪಿನದು. ಫೆಬ್ರುವರಿಯ ಬಿಸಿಲಿಗೆ ಒಂದು ಲೀಟರ್ ಸಮುದ್ರದ ನೀರನ್ನು ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ ಹಂಚಿ ಕಿಟಕಿಯ ಹೊರಗಿಡಬೇಕು. ದಿನಗಳು ಕಳೆದಂತೆ ಮೊದಲು ಅಂಚಿನಲ್ಲಿ ಬಿಳಿ ಗೆರೆ ಏಳುತ್ತದೆ. ಆಮೇಲೆ ತಳದಲ್ಲಿ ಪುಟ್ಟ ಪುಟ್ಟ ಚೌಕದ ಹರಳು ಕೂರುತ್ತವೆ. ಕೆರೆದು ತೂಗಿದರೆ ಸಿಗುವುದು ಸುಮಾರು 35 ಗ್ರಾಂ. ಮನೆಯೊಂದಕ್ಕೆ ತಿಂಗಳಿಗೆ ಒಂದು ಕಿಲೊ ಉಪ್ಪು ಬೇಕೆಂದರೆ ಎಷ್ಟು ನೀರು ಒಣಗಿಸಬೇಕು? ಮಕ್ಕಳೇ ಲೆಕ್ಕ ಮಾಡಲಿ: ಹೆಚ್ಚುಕಡಿಮೆ ಎರಡು ಕೊಡ. ಅಷ್ಟು ದಿನ ಕಾದು, ನೊಣ ಓಡಿಸಿ, ಕಾಗೆ ಓಡಿಸಿ ಒಣಗಿಸಿದ ಉಪ್ಪಿನಿಂದ ಶಿಕ್ಷಕರು ಒಂದು ಪಾಲನ್ನು ತೆಗೆದು ಬೇರೆ ಡಬ್ಬಿಗೆ ಹಾಕಿ, ಇದು ಸರಕಾರದ್ದು ಎನ್ನಲಿ. ನಾವು ಒಣಗಿಸಿದ್ದು ಅವರಿಗೇಕೆ ಎಂದು ತರಗತಿಯೇ ಎದ್ದು ಕೇಳುವ ಗಳಿಗೆ ಅದು. ಆಗ ಹೇಳಬೇಕಾದ ಕತೆ ಸಿದ್ಧವಿದೆ. 1878ರ ಒಪ್ಪಂದದಲ್ಲಿ ಪೋರ್ಚುಗೀಸರು ಗೋವಾದ ಉಪ್ಪಿನ ಹತೋಟಿಯನ್ನು ಬ್ರಿಟಿಷರಿಗೆ ಒಪ್ಪಿಸಿ, ಬದಲಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಪಡೆದರು. ಮರ್ಮಗೋವಾದಿಂದ ಘಟ್ಟ ಹತ್ತಿ ನಮ್ಮ ಕ್ಯಾಸಲ್‌ರಾಕ್ ಮುಟ್ಟುವ ರೈಲು ಹಾದಿ ಬಂದದ್ದೂ ಅದೇ ಒಪ್ಪಂದದ ಫಲ. 1892ರಲ್ಲಿ ಆ ಒಪ್ಪಂದ ಮುಗಿಯುವವರೆಗೆ ಉಪ್ಪಿನ ಆಗರಗಳಲ್ಲಿ ದುಡಿಯುವವರು ತಮ್ಮ ಆಗರದ ಉಪ್ಪಿಗೆ ತಾವೇ ಪರಕೀಯರಾದರು. ಲಮಾಣಿಗಳ ಎತ್ತಿನ ಹಿಂಡು ಬಯಲುಸೀಮೆಯ ಕಾಳನ್ನು ಘಟ್ಟ ಇಳಿಸಿ, ಕರಾವಳಿಯ ಉಪ್ಪನ್ನು ಘಟ್ಟ ಹತ್ತಿಸುತ್ತಿದ್ದ ಹಳೆಯ ವ್ಯಾಪಾರವನ್ನೂ ಇಲ್ಲಿಯೇ ಹೇಳಬಹುದು. 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯ ಕಡಲದಂಡೆಯಲ್ಲಿ ಜನ ಏಕೆ ನೆರೆದರು ಎಂಬುದು ತಟ್ಟೆಯ ಉಪ್ಪು ಕಂಡ ಮಗುವಿಗೆ ಅರ್ಧ ಗೊತ್ತಾಗಿರುತ್ತದೆ.

ಹೀಗೆ ಕಲಿಸಬಹುದೆಂಬುದು ಹೊಸ ಕನಸಲ್ಲ. ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊದಲ್ಲಿ ತೆರೆದ ಪ್ರಯೋಗ ಶಾಲೆಯ ಮಕ್ಕಳಿಗೆ ಹತ್ತಿಯನ್ನೂ ಉಣ್ಣೆಯನ್ನೂ ಕೊಟ್ಟು ಬಿಡಿಸಲು ಹೇಳಿದ್ದ. ಒಂದು ಮಗು ಅರ್ಧ ಗಂಟೆ ಕೂತು ಬೀಜ ಬಿಡಿಸಿದರೂ ಒಂದು ಔನ್ಸ್ ಅರಳೆ ಕೂಡ ಸಿಗಲಿಲ್ಲ. ಉಣ್ಣೆಯ ಬಟ್ಟೆಗಿಂತ ಹತ್ತಿಯ ಬಟ್ಟೆ ಏಕೆ ತಡವಾಗಿ ಬಳಕೆಗೆ ಬಂತೆಂಬುದನ್ನು ಆ ಮಕ್ಕಳು ಪುಸ್ತಕ ತೆರೆಯದೆ ಊಹಿಸಿದರು. ಇಂಗ್ಲಿಷರು ಧಾರವಾಡದ ಕಪ್ಪು ಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿ ಬಿತ್ತಿಸಿ, ಅದಕ್ಕೆಂದೇ ಬೀಜ ಬಿಡಿಸುವ ಯಂತ್ರ ತರಿಸಿದ ಕತೆಯನ್ನು ನಮ್ಮ ಮಕ್ಕಳಿಗೂ ಹೀಗೆಯೇ ತೋರಿಸಬಹುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿಯೇ, ನಮ್ಮ ಶಿಕ್ಷಕರ ಕೈಯಲ್ಲಿಯೇ ಚಟುವಟಿಕೆಯ ಕಲಿಕೆ ನಡೆಯುತ್ತದೆಂದು ತೋರಿಸಿತು. ಅದು ಒಂದರಿಂದ ಮೂರನೇ ತರಗತಿಯವರೆಗಿನ ಪದ್ಧತಿ, ಚರಿತ್ರೆ ಅದರ ಪಾಲಿಗೆ ಬರಲಿಲ್ಲ. ಎಲ್ಲಿ ನಲಿ-ಕಲಿ ನಿಲ್ಲುತ್ತದೋ ಅಲ್ಲಿಯೇ ಚರಿತ್ರೆ ಶುರುವಾಗುತ್ತದೆ. ಎರಡನ್ನೂ ಹೊಲಿಯುವ ಸೂಜಿ ಮಾತ್ರ ಬೇಕು.

ಎದುರು ನಿಲ್ಲುವ ಪ್ರಶ್ನೆಗಳು

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು ಕಲಿಕೆಯ ಬಗೆಗೇ ಇರುವ ಸಂಶಯ. 2006ರಲ್ಲಿ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ವಿದ್ವಾಂಸರು ಹೆಸರಾಂತ ಪ್ರಬಂಧವೊಂದರಲ್ಲಿ, ಹೊಸದಾಗಿ ಕಲಿಯುವವರನ್ನು ಕಡಿಮೆ ಮಾರ್ಗದರ್ಶನದಲ್ಲಿ ತಾವೇ ಕಂಡುಕೊಳ್ಳಲಿ ಎಂದು ಬಿಟ್ಟರೆ ಕಲಿಕೆ ಸೊರಗುತ್ತದೆ ಎಂದು ವಾದಿಸಿದರು. ಒಮ್ಮೆಗೆ ಹಿಡಿದಿಡಬಲ್ಲ ಸಂಗತಿಗಳು ಮನಸ್ಸಿಗೆ ಕೆಲವೇ. ಅಂಟು, ಕತ್ತರಿ, ಗದ್ದಲದಲ್ಲಿ ಅವು ಖರ್ಚಾದರೆ ಯೋಚನೆಗೆ ಜಾಗ ಉಳಿಯುವುದಿಲ್ಲ. ಈ ಮಾತನ್ನು ಪೂರ್ತಿ ಒಪ್ಪಬೇಕು. ಥರ್ಮೊಕೋಲ್ ಕೋಟೆಯ ಮೇಲಿನ ದೂರೂ ಇದೇ. ಉಪ್ಪಿನ ತಟ್ಟೆ ತಾನಾಗಿ 1878ರ ಒಪ್ಪಂದವನ್ನು ಹೇಳಲಾರದು, ಅದನ್ನು ಹೇಳಬೇಕಾದವರು ಶಿಕ್ಷಕರು. ಆದರೆ ಕೇಳುವ ಹಸಿವು ಹುಟ್ಟಿದ ಮೇಲೆ ಹೇಳಿದ ಮಾತು ಉಳಿಯುವಂತೆ, ಹಸಿವಿಲ್ಲದ ಕಿವಿಗೆ ಹೇಳಿದ್ದು ಉಳಿಯುವುದಿಲ್ಲ. ಕೈಕೆಲಸ ಚಿಕ್ಕದಿರಲಿ, ಒಂದೇ ಪ್ರಶ್ನೆಯತ್ತ ತಿರುಗಿರಲಿ, ಹಿಂದೆಯೂ ಮುಂದೆಯೂ ಶಿಕ್ಷಕರ ಮಾತಿರಲಿ.

ಎರಡನೆಯದು ನೋವಿನ ಪ್ರಶ್ನೆ. ದಬ್ಬಾಳಿಕೆಯನ್ನು ಆಟವಾಗಿಸಿದರೆ ಅದು ಹಗುರಾಗುವುದಿಲ್ಲವೇ? ಖಂಡಿತ ಆಗುತ್ತದೆ. ವಸಾಹತು ಕಾಲದ ಊರನ್ನೇ ವಸ್ತುಸಂಗ್ರಹಾಲಯವಾಗಿಸಿರುವ ಅಮೆರಿಕದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ 1994ರಲ್ಲಿ ಗುಲಾಮರ ಹರಾಜನ್ನು ಅಭಿನಯಿಸಿ ತೋರಿಸಿದಾಗ ಪ್ರತಿಭಟನೆ ಎದ್ದಿತು. ನುರಿತ ವಯಸ್ಕ ಕಲಾವಿದರು ಮಾಡಿದಾಗಲೇ ಇಷ್ಟು ಕಷ್ಟವಾದರೆ, ಒಂಬತ್ತು ವರ್ಷದ ಮಗುವಿನ ಕೈಗೆ ಚಾಟಿ ಕೊಟ್ಟು ಇನ್ನೊಂದು ಮಗುವನ್ನು ಎದುರು ಕೂರಿಸುವುದು ಸಲ್ಲದ ಕೆಲಸ. ಇನ್ನೊಬ್ಬರ ನೋವನ್ನು ನಟಿಸುವ ಹಕ್ಕು ತರಗತಿಗಿಲ್ಲ. ಅವರ ದುಡಿಮೆಯನ್ನು ಮುಟ್ಟಿ ನೋಡುವ ಅವಕಾಶ ಇದೆ. ಉಪ್ಪು, ಹಗ್ಗ, ದಾರ, ಅರಳೆ ಯಾರ ನೋವನ್ನೂ ನಟಿಸುವುದಿಲ್ಲ, ಹಾಗೆಂದು ಮರೆಸುವುದೂ ಇಲ್ಲ.

ಮೂರನೆಯದು ಗೋವಾದಲ್ಲಿ ವಿಶೇಷವಾಗಿ ಏಳುವ ಅಂಜಿಕೆ. ಹಳೆಯ ಗಾಯ ಕೆದಕಿದರೆ ಒಂದೇ ಬೆಂಚಿನಲ್ಲಿ ಕೂತ ಹಿಂದೂ ಮಗುವಿಗೂ ಕ್ರೈಸ್ತ ಮಗುವಿಗೂ ನಡುವೆ ಗೋಡೆ ಏಳುವುದಿಲ್ಲವೇ? 1560ರಿಂದ 1812ರವರೆಗೆ, ನಡುವೆ ಕೆಲವೇ ವರ್ಷ ಬಿಟ್ಟು, ಗೋವಾದಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವಿತ್ತು. 1684ರಲ್ಲಿ ಕೊಂಕಣಿ ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂಬ ಆಜ್ಞೆ ಹೊರಟಿತು. ಇವನ್ನು ಮುಚ್ಚಿಡುವುದರಿಂದ ಗೋಡೆ ಬೀಳುವುದಿಲ್ಲ. ಆ ಆಜ್ಞೆಯಿಂದ ನೊಂದವರಲ್ಲಿ ಕೊಂಕಣಿ ಆಡುತ್ತಿದ್ದ ಕ್ರೈಸ್ತರೇ ಮೊದಲಿಗರು ಎಂಬುದನ್ನು ತಿಳಿದ ಮಗು ಪಕ್ಕದ ಗೆಳೆಯನನ್ನು ಆಳಿದವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೊಂಕಣಿಯನ್ನು ಹಿಂದೆ ಬರೆಯುತ್ತಿದ್ದ ಕಂದೇವಿ ಅಥವಾ ಗೋಯ್‌ಕಾನಡಿ ಲಿಪಿ ನಮ್ಮ ಕನ್ನಡ ಅಕ್ಷರಗಳ ಹತ್ತಿರದ ನೆಂಟ. ಗೋವಾದಲ್ಲಿ ಓದುವ ಕನ್ನಡದ ಕೂಲಿಕಾರರ ಮಗು ಆ ಅಕ್ಷರಗಳನ್ನು ನಕಲು ಮಾಡುತ್ತ, ಪಕ್ಕದ ಕೊಂಕಣಿ ಗೆಳತಿಗೆ ಓದಲು ನೆರವಾದರೆ ಆ ತರಗತಿಯಲ್ಲಿ ಹೊರಗಿನವರೆಂಬುವರು ಯಾರು? ಆಳ್ವಿಕೆ ಬೇರೆ, ಜನ ಬೇರೆ ಎಂಬ ವಿವೇಕವನ್ನು ಚಿಕ್ಕಂದಿನಲ್ಲೇ ಕಲಿಸಬೇಕು. ದ್ವೇಷ ಹುಟ್ಟುವುದು ಪಾಠ ಅರ್ಧಕ್ಕೆ ನಿಂತಾಗ.

ಕೊನೆಯದು ಸಮಯ ಮತ್ತು ಪರೀಕ್ಷೆ. ಪಾಠ ಮುಗಿಸುವುದೇ ಕಷ್ಟವಾಗಿರುವಾಗ ಉಪ್ಪು ಒಣಗಿಸುತ್ತ ಕೂರಲು ಬಿಡುವೆಲ್ಲಿ ಎಂದು ಕೇಳುವ ಶಿಕ್ಷಕರ ಮಾತಿನಲ್ಲಿ ನ್ಯಾಯವಿದೆ. ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಗಳು ಘಟ್ಟದ ಮೇಲೂ ಕೆಳಗೂ ಇವೆ. ಆದರೆ ತಟ್ಟೆಯ ನೀರು ತಾನೇ ಒಣಗುತ್ತದೆ, ದಿನಕ್ಕೆ ಐದು ನಿಮಿಷದ ನೋಟ ಸಾಕು. ತೂಕ ಗಣಿತದ ಅವಧಿಗೆ, ಹರಳು ಪರಿಸರ ಅಧ್ಯಯನಕ್ಕೆ ಸಲ್ಲುತ್ತದೆ. ಪ್ರಶ್ನೆಪತ್ರಿಕೆ ಇಸವಿಯನ್ನಷ್ಟೇ ಕೇಳುವವರೆಗೆ ಕೈಕೆಲಸ ಅಲಂಕಾರವಾಗಿಯೇ ಉಳಿಯುತ್ತದೆ ಎಂಬುದು ನಿಜ. ಬದಲಿಸಬೇಕಾದ್ದು ಪ್ರಶ್ನೆಯನ್ನು. ದೀಪಾಜಿ ಕೋಟೆ ಹಿಡಿದದ್ದು ಯಾವಾಗ ಎಂದು ಕೇಳುವ ಜಾಗದಲ್ಲಿ, ಉಪ್ಪು ಒಣಗಿಸುವವರ ಬದುಕಿನಲ್ಲಿ ಒಪ್ಪಂದದಿಂದ ಏನು ಬದಲಾಯಿತು ಎಂದು ಕೇಳಿದರೆ ತಟ್ಟೆ ಕಂಡ ಮಗು ತನ್ನದೇ ಮಾತಿನಲ್ಲಿ ಬರೆಯುತ್ತದೆ.

ಕಾಯಲಾರದ ಕೆಲಸವೊಂದಿದೆ. 1961ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. 1959ರಲ್ಲಿ ಗೋವಾದ ರುಪಿಯ ಹೋಗಿ ಎಸ್ಕುಡೊ ಬಂತು, ಒಂದು ರುಪಿಯಕ್ಕೆ ಆರು ಎಸ್ಕುಡೊ. ಆ ನಾಣ್ಯ ಹಿಡಿದು ಅಂಗಡಿಗೆ ಹೋದವರು, ಪೋರ್ಚುಗೀಸಿನಲ್ಲಿ ಪಾಠ ಕೇಳಿದವರು, 1955ರ ನಂತರ ಭಾರತ ಹೇರಿದ್ದ ದಿಗ್ಬಂಧನದಲ್ಲಿ ಗಡಿ ಮುಚ್ಚಿದ್ದನ್ನು ಕಂಡವರು ಸತ್ತರಿಯ ಜಗಲಿಗಳಲ್ಲಿ ಇನ್ನೂ ಕೂತಿದ್ದಾರೆ. ಮಗು ಹೋಗಿ, ಅಜ್ಜಾ, ಆಗ ಅಕ್ಕಿಗೆ ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡರೆ ಅದು ಯಾವ ಪತ್ರಾಗಾರದಲ್ಲೂ ಇಲ್ಲದ ದಾಖಲೆ. ಮುಂದಿನ ಜನವರಿ 26ಕ್ಕೆ ವಾಳಪೈಯ ಒಂದು ಶಾಲೆ ತನ್ನ ಗಂಟಿನ ಹಗ್ಗವನ್ನೂ ಅಜ್ಜಂದಿರ ಮಾತನ್ನೂ ಚೋರ್ಲಾ ಘಟ್ಟದ ಆಚೆ ನಂದಗಡದ ಶಾಲೆಗೆ ಕಳಿಸಲಿ. ನಂದಗಡದ ಮಕ್ಕಳು ತಮ್ಮ ಹಗ್ಗವನ್ನು ಇತ್ತ ಕಳಿಸಲಿ. ಎರಡು ಹಗ್ಗಗಳನ್ನು ಬಿಡಿಸಿ ಒಂದರ ಪಕ್ಕ ಒಂದಿಟ್ಟು ಗಂಟು ಎಣಿಸುವಾಗ, 1831ರ ಗಂಟನ್ನೂ 1852ರ ಗಂಟನ್ನೂ ಆ ಮಕ್ಕಳ ಬೆರಳು ತಾನಾಗಿ ಹುಡುಕಿಕೊಳ್ಳುತ್ತದೆ.